ಸಂಜೀವಪ್ಪನ ಮಗ್ಗದ ಗುಂಡಿಯ ಚಿರತೆ

ದೊಡ್ಡಬಳ್ಳಾಪುರದ ನೇಯ್ಗೆಯವರ ಬೀದಿಯಲ್ಲಿ ಸಂಜೀವಪ್ಪನಷ್ಟು ಸೋಮಾರಿ ಇನ್ನೊಬ್ಬನಿರಲಿಲ್ಲ. ಇದು ಯಾರೋ ಹೊಟ್ಟೆಕಿಚ್ಚಿಗೆ ಕಟ್ಟಿದ ಮಾತಲ್ಲ. ಅವನ ಹೆಂಡತಿ ನಾರಾಯಣಮ್ಮ ಬಾವಿಕಟ್ಟೆಯ ಮೇಲೆ ನಿಂತು, ಕೊಡ ಕೆಳಗಿಟ್ಟು, ಎರಡು ಕೈಯನ್ನೂ ಸೊಂಟದ ಮೇಲಿಟ್ಟು ಊರಿಗೆಲ್ಲ ಹೇಳುತ್ತಿದ್ದ ಮಾತು. ಮಗ್ಗದ ಮುಂದೆ ಕೂತನೆಂದರೆ ನಾಲ್ಕು ಸಲ ಲಾಳಿ ಎಸೆಯುವುದು, ಒಂದು ಚಿಟಿಕೆ ನಶ್ಯ ಏರಿಸುವುದು, ಸೀನುವುದು, ಸೀನಿದ್ದರಿಂದ ಆದ ಆಯಾಸ ಕಳೆಯಲು ಗೋಡೆಗೆ ಒರಗುವುದು. ಒರಗಿದ ಮೇಲೆ ಮಧ್ಯಾಹ್ನವೇ. ಬೀದಿಯವರಿಗೆಲ್ಲ ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದ ಸಾಹುಕಾರ ಬೈಲಪ್ಪ ಅವನ ಮನೆ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದ.

"ನಿನ್ನ ಕೈಗೆ ಮದುವೆ ಸೀರೆ ಕೊಟ್ರೆ ಸೀಮಂತಕ್ಕೆ ಸಿಗುತ್ತಲ್ಲಯ್ಯ!"

"ಉಟ್ಕೊಳ್ಳೋದು ಅದೇ ಹುಡುಗಿ ತಾನೇ ಸಾಹುಕಾರ್ರೇ," ಎಂದು ಸಂಜೀವಪ್ಪ ಮಲಗಿದ್ದಲ್ಲಿಂದಲೇ ಸಮಾಧಾನ ಹೇಳುತ್ತಿದ್ದ.

ಮಕ್ಕಳಿರಲಿಲ್ಲ. ಬೀದಿಯ ಪಂಚಾಯ್ತಿಯಲ್ಲಿ ಅವನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಮದುವೆ ಮನೆಯಲ್ಲಿ ಚಪ್ಪರಕ್ಕೆ ಕಂಬ ಹಿಡಿ ಅಂತಲೂ ಅವನಿಗೆ ಹೇಳುತ್ತಿರಲಿಲ್ಲ, ಹಿಡಿದುಕೊಂಡೇ ನಿದ್ದೆ ಹೋದಾನು ಎಂದು. ಇದರಿಂದೆಲ್ಲ ಅವನಿಗೆ ನೋವಾಗುತ್ತಿರಲಿಲ್ಲ ಎಂದುಕೊಳ್ಳಬೇಡಿ. ಆಗುತ್ತಿತ್ತು. ಆದರೆ ನೋಯುವುದಕ್ಕೂ ಸ್ವಲ್ಪ ಮೈ ಬಗ್ಗಿಸಬೇಕು ನೋಡಿ, ಅದು ಅವನಿಂದಾಗುತ್ತಿರಲಿಲ್ಲ.

ಹೀಗಿದ್ದವನ ಬಾಳು ತಿರುಗಿದ್ದು ಯುದ್ಧದ ಕಾಲದ ಒಂದು ಸಂಕ್ರಾಂತಿಗೆ. ಅವರೆಕಾಯಿ, ಕಬ್ಬು ತರಲು ಗಂಡ ಹೆಂಡತಿ ತೂಬಗೆರೆ ಕಡೆಯ ಅವಳ ತವರಿಗೆ ಹೋಗಿದ್ದರು. ಅಲ್ಲಿಯ ಬೆಟ್ಟದಲ್ಲಿ ಬೆಂಗಳೂರಿನಿಂದ ಬಂದ ಯಾರೋ ಶಿಕಾರಿಯವರು ಒಂದು ತಾಯಿ ಚಿರತೆಯನ್ನು ಹೊಡೆದು, ಅದರ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡು ಹೋಗಿದ್ದರು. ಸೌದೆಗೆ ಹೋದ ನಾರಾಯಣಮ್ಮನ ತಮ್ಮನಿಗೆ ಬಂಡೆಯ ಸಂದಿಯಲ್ಲಿ ಒಂದು ಮರಿ ಸಿಕ್ಕಿತು. ಕಣ್ಣು ಆಗಷ್ಟೇ ತೆರೆದಿತ್ತು. ಮೈಯೆಲ್ಲ ಮಣ್ಣು. ತಮ್ಮ ಅದನ್ನು ಏನು ಮಾಡುವುದು ಎಂದು ತಲೆ ಕೆರೆದುಕೊಳ್ಳುತ್ತಿರುವಾಗ, ಯಾವ ಕೆಲಸಕ್ಕೂ ಮುಂದೆ ಬಾರದ ಸಂಜೀವಪ್ಪ ಮುಂದೆ ಬಂದು, ಹೆಗಲ ಮೇಲಿನ ವಲ್ಲಿ ಬಿಚ್ಚಿ, ಮರಿಯನ್ನು ಸುತ್ತಿಕೊಂಡುಬಿಟ್ಟ.

"ಅದೇನು ಬೆಕ್ಕಾ?" ಎಂದಳು ನಾರಾಯಣಮ್ಮ.

"ಸದ್ಯಕ್ಕೆ ಬೆಕ್ಕೇ," ಎಂದ ಸಂಜೀವಪ್ಪ.

ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಮಣ್ಣಿನಡಿಯಿಂದ ಹೊನ್ನಿನ ಬಣ್ಣ ಹೊಳೆಯಿತು. ಸೀರೆಯ ಅಂಚಿನ ಸರಿಗೆಯ ಹಾಗೆಯೇ ಇದೆ ಎಂದು ನಾರಾಯಣಮ್ಮನೇ ಅದಕ್ಕೆ ಸರಿಗೆ ಎಂದು ಹೆಸರಿಟ್ಟಳು. ಹೆಸರಿಟ್ಟ ಮೇಲೆ ಬಿಡುವುದುಂಟೇ!

ಮನೆಗೆ ಬಂದ ಸರಿಗೆ ಹಗಲೂ ರಾತ್ರಿ ಅರಚಿತು. ಮೇಕೆ ಹಾಲಿನಲ್ಲಿ ಅದ್ದಿದ ಬತ್ತಿ ಚೀಪಿ ಅರಚಿತು, ಮಡಿಲಲ್ಲಿ ಹಾಕಿಕೊಂಡರೆ ಮಡಿಲನ್ನು ಪರಚಿ ಅರಚಿತು. ಅರಚಿಕೊಂಡೇ ಓಡಾಡುತ್ತ ಹೋಗಿ ಮಗ್ಗದ ಗುಂಡಿಯೊಳಗೆ ಬಿತ್ತು. ನೇಯುವವನು ಕಾಲು ಇಳಿಬಿಟ್ಟು ಕೂರುವ ಗುಂಡಿ ಅದು. ಅಲ್ಲಿಂದ ಮೇಲೆತ್ತಲು ಬಗ್ಗಬೇಕಾಗುತ್ತದಲ್ಲ ಎಂಬ ಬೇಸರಕ್ಕೆ ಸಂಜೀವಪ್ಪ ಸುಮ್ಮನೆ ಮಗ್ಗದ ಮುಂದೆ ಕೂತು, ಕೂತಿದ್ದಕ್ಕೆ ನಾಲ್ಕು ಸಲ ಲಾಳಿ ಎಸೆದು, ಹಲಗೆ ಬಡಿದ. ಟಕ್ ಟಕಾ, ಟಕ್ ಟಕಾ. ಗುಂಡಿಯಲ್ಲಿ ಸದ್ದು ನಿಂತಿತು. ಬಗ್ಗಿ ನೋಡಿದರೆ ಮರಿ ಅವನ ಪಾದದ ಮೇಲೆ ಗದ್ದ ಇಟ್ಟು ಗಾಢವಾಗಿ ನಿದ್ದೆ ಹೋಗಿತ್ತು. ಅವನ ಕಣ್ಣಲ್ಲಿ ಏಕೆ ನೀರು ಬಂತೋ ಅವನಿಗೇ ಗೊತ್ತಾಗಲಿಲ್ಲ. ಮೂಗು ಒರೆಸಿಕೊಂಡು, ರೂಢಿಯಂತೆ ನಶ್ಯದ ಡಬ್ಬಿಗೆ ಕೈ ಹಾಕಿದ. ಮಗ್ಗ ನಿಂತಿತು. ಸರಿಗೆ ಎದ್ದು ಹೆಬ್ಬೆರಳಿಗೆ ಬಾಯಿ ಹಾಕಿತು.

ಅಯ್ಯಯ್ಯೋ ಎಂದು ಮತ್ತೆ ಹಲಗೆ ಬಡಿದ. ಮಲಗಿತು. ನಿಲ್ಲಿಸಿದ. ಕಚ್ಚಿತು.

ಅಂದಿನಿಂದ ಸಂಜೀವಪ್ಪನ ಮಗ್ಗ ನಿಲ್ಲಲಿಲ್ಲ. ಬೆಳಗ್ಗೆ ಕೂತರೆ ದೀಪ ಹಚ್ಚುವವರೆಗೂ ಟಕ್ ಟಕಾ, ಟಕ್ ಟಕಾ. ಅವನು ಉಣ್ಣಲು ಎದ್ದರೆ ನಾರಾಯಣಮ್ಮ ಕೂತು ಬಡಿಯುತ್ತಿದ್ದಳು. ಕತ್ತಲಾದ ಮೇಲೆ ಸರಿಗೆಯನ್ನು ಹಿತ್ತಲಿನ ಕೊಟ್ಟಿಗೆಗೆ ಬಿಟ್ಟು ಬಾಗಿಲು ಹಾಕಿಕೊಂಡರೆ ಅದರ ಪಾಡಿಗೆ ಅದು. ಹಗಲೆಲ್ಲ ಗುಂಡಿಯಲ್ಲಿ ಅದರ ನಿದ್ದೆ, ಮೇಲೆ ಇವನ ದುಡಿಮೆ. ಮರಿ ಬೆಳೆದ ಹಾಗೆ ಗುಂಡಿಯನ್ನೂ ಅಗಲ ಮಾಡುತ್ತ ಹೋದ. ನಶ್ಯ ಬಿಟ್ಟುಹೋಯಿತು, ಕೈಗೆ ಬಿಡುವಿರಬೇಕಲ್ಲ. ಬೈಲಪ್ಪ ಸಾಹುಕಾರ ಸೀರೆ ಒಯ್ಯಲು ಬಂದು, ಒಂದು ಕೇಳಿದರೆ ಮೂರು ಸಿಕ್ಕಿದ್ದನ್ನು ನೋಡಿ, ಯಾರದೋ ಮಗ್ಗದಿಂದ ಕದ್ದಿರಬೇಕೆಂದು ಮೊದಲು ಅನುಮಾನಪಟ್ಟ. ಆಮೇಲೆ ಗುಂಡಿಯೊಳಗೆ ಇಣುಕಿದ. ಇಣುಕಿದವನು ಸದ್ದಿಲ್ಲದೆ ಹಿಂದೆ ಹಿಂದೆ ನಡೆದು ಬೀದಿ ಸೇರಿ, ಅಲ್ಲಿಂದ ಕೈ ಮುಗಿದ.

"ಸಂಜೀವಪ್ಪ, ನಮ್ಮ ಸರಿಗಮ್ಮನ ಚೆನ್ನಾಗಿ ನೋಡ್ಕೊಳ್ಳಯ್ಯ. ಏನು ಬೇಕೋ ಕೇಳು."

ಈಗ ನೋಡಿ ಮರ್ಯಾದೆ! ಪೇಟೆಯಲ್ಲಿ ನಡೆದರೆ ಜನ ದಾರಿ ಬಿಟ್ಟರು. ಹೋಟೆಲಿನವನು ಕೇಳದೆಯೇ ಕಾಫಿ ತಂದಿಟ್ಟ. ಹುಲಿ ಸಂಜೀವಪ್ಪ ಎಂದರು. ದೇವನಹಳ್ಳಿಯಿಂದ ಬಂದವರು, ನೆಲಮಂಗಲದಿಂದ ಬಂದವರು ಅವನ ಬಾಗಿಲಲ್ಲಿ ನಿಂತು ಗುಂಡಿಯ ಕತ್ತಲಲ್ಲಿ ಮಲಗಿರುವ ಬಾಲವನ್ನಷ್ಟೇ ನೋಡಿ ಧನ್ಯರಾಗಿ ಹೋದರು. ಸಂಜೀವಪ್ಪ ಲಾಳಿ ಎಸೆಯುತ್ತಲೇ ಎದೆಯುಬ್ಬಿಸಿ ಹೇಳುತ್ತಿದ್ದ: "ನನ್ನ ಮಾತು ಅಂದ್ರೆ ಮುಗೀತು. ನಾನು ಮಲಗು ಅಂದ್ರೆ ಮಲಗುತ್ತೆ, ಏಳು ಅಂದ್ರೆ ಏಳುತ್ತೆ. ಎಲ್ಲಾ ಪ್ರೀತಿ ಕಣಪ್ಪಾ, ಪ್ರೀತಿ." ಹುಟ್ಟಿದಾಗಿನಿಂದ ಯಾರೂ ಅವನ ಮಾತು ಕೇಳಿರಲಿಲ್ಲ. ಈಗ ಚಿರತೆಯೇ ಕೇಳುತ್ತಿದೆಯಲ್ಲ ಎಂಬ ಸಂತೋಷದಲ್ಲಿ ಅವನ ಕಾಲು ನೆಲದ ಮೇಲಿರಲಿಲ್ಲ. ಸರಿಗೆ ಹೋದರೆ ಈ ಸಂಜೀವಪ್ಪನೂ ಹೋಗುತ್ತಾನೆ, ಹಳೆಯ ಸೋಮಾರಿ ಉಳಿಯುತ್ತಾನೆ ಎಂಬುದು ಅವನಿಗೆ ಒಳಗೊಳಗೇ ಗೊತ್ತಿತ್ತು.

ಸಂತೋಷ ಇಲ್ಲದವಳು ಪಕ್ಕದ ಮನೆಯ ಅಕ್ಕಯ್ಯಮ್ಮ. ಎರಡು ಮನೆಗೂ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡ ಮೇಲೆ ಅವಳ ಮನೆಯ ಮಗ್ಗ ನಿಂತೇಹೋಗಿತ್ತು. ಅದನ್ನು ಮಾರದೆ, ದಿನವೂ ಧೂಳು ಒರೆಸಿ, ಅರಿಸಿನ ಕುಂಕುಮ ಇಟ್ಟು, ಕೋಳಿ ಸಾಕಿಕೊಂಡು ಇದ್ದಳು. ಬಾಯಿ ಮಾತ್ರ ನಿಂತಿರಲಿಲ್ಲ. ಚಿರತೆ ಎದ್ದಿದೆಯೋ ಮಲಗಿದೆಯೋ ತಿಳಿಯಬೇಕೆಂದು ಮಧ್ಯಾಹ್ನವೆಲ್ಲ ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಮಗ್ಗದ ಸದ್ದು ಬರುತ್ತಿದ್ದರೆ ಅದು ಮಲಗಿದೆ ಎಂದು ಅರ್ಥ. ಹಾಗೆ ಕಾವಲು ಕೂತವಳು ಗೊರಕೆ ಹೊಡೆಯುತ್ತಿದ್ದುದನ್ನು ನಾರಾಯಣಮ್ಮ ಎಷ್ಟೋ ಸಲ ಕೇಳಿದ್ದಳು, ಆದರೆ ಹೇಳಲು ಧೈರ್ಯ ಯಾರಿಗಿದೆ!

ಒಂದು ವಿಷಯ ಇಲ್ಲಿ ಹೇಳಿಬಿಡಬೇಕು. ನೇಯ್ಗೆಯವರಿಗೆ ಅಮಾವಾಸ್ಯೆ ರಜ. ಅಂದು ಯಾವ ಮನೆಯಲ್ಲೂ ಮಗ್ಗ ಮುಟ್ಟುವುದಿಲ್ಲ. ಅಜ್ಜನ ಕಾಲದಿಂದ ಹಾಗೆ, ಅಜ್ಜನ ಅಜ್ಜನ ಕಾಲದಿಂದಲೂ ಹಾಗೆಯೇ. ಅಮಾವಾಸ್ಯೆ ಬಂತೆಂದರೆ ಸಂಜೀವಪ್ಪ ನಸುಕಿನಲ್ಲೇ ಕಮಾನು ಗಾಡಿ ಕಟ್ಟಿಸಿ, ಸರಿಗೆಯನ್ನು ಹತ್ತಿಸಿ, ಹೆಂಡತಿಯ ತವರಿನ ಹೊಲಕ್ಕೆ ಹೋಗಿಬಿಡುತ್ತಿದ್ದ. ಬಿಡುವಿನ ದಿನ, ಹುಡುಗಿಗೂ ಗಾಳಿ ಬೆಳಕು ಆಗಲಿ ಎಂದು. ಅದಕ್ಕೇ ನೋಡಿ, ಮಗ್ಗವಿಲ್ಲದ ಹಗಲಿನಲ್ಲಿ ಸರಿಗೆ ಹೇಗಿರುತ್ತದೆ ಎಂಬುದನ್ನು ಬೀದಿಯವರು ಯಾರೂ ಕಂಡಿರಲಿಲ್ಲ.

ತೊಂದರೆ ಹುಟ್ಟಿದ್ದು ಶ್ರಾವಣದಲ್ಲಿ. ಶ್ರಾವಣ ಮಾಸದಲ್ಲಿ ನಾರಾಯಣಮ್ಮ ಮನೆಯೊಳಗೆ ಬಾಡು, ಮಾಂಸ ಸೇರಿಸುವವಳಲ್ಲ.

"ಅದು ಚಿರತೆ ಕಣೇ," ಎಂದ ಸಂಜೀವಪ್ಪ.

"ಯಾರಾದ್ರೂ ಆಗ್ಲಿ. ನಮ್ಮನೇಲಿ ತಿನ್ನೋರೆಲ್ಲಾ ಶ್ರಾವಣ ಮಾಡ್ಬೇಕು. ನೀವು ಮಾಡಲ್ವಾ?"

ಬಿಸಿ ರಾಗಿಮುದ್ದೆಗೆ ಧಾರಾಳವಾಗಿ ತುಪ್ಪ ಹಾಕಿ ಇಟ್ಟಳು. ಮೊದಲ ದಿನ ಸರಿಗೆ ತುಪ್ಪ ನೆಕ್ಕಿ ಮುದ್ದೆ ಬಿಟ್ಟಿತು. ಮರುದಿನ ಮುದ್ದೆಯನ್ನು ಪಂಜದಲ್ಲಿ ಉರುಳಿಸಿ ಆಟವಾಡಿ, ಉರುಳಿಸಿ ಉರುಳಿಸಿ ಬೇಸತ್ತು ನಾರಾಯಣಮ್ಮನ ಮುಖ ನೋಡಿತು. ಅದರ ಮಾರನೆಯ ಸಂಜೆ ಅಕ್ಕಯ್ಯಮ್ಮನ ಕೆಂಪು ಹುಂಜ ಬೇಲಿ ಹಾರಿ ಹಿತ್ತಲಿಗೆ ಬಂತು.

ಸಂಜೀವಪ್ಪ ಅಲ್ಲೇ ಇದ್ದ. ಸರಿಗೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ಕುಗ್ಗಿತು. ಬಾಲದ ತುದಿ ಮಾತ್ರ ಅತ್ತ ಇತ್ತ ಆಡಿತು. ಕಣ್ಣು ಹುಂಜದಲ್ಲಿ ನೆಟ್ಟಿತ್ತು. "ಸರಿಗಮ್ಮಾ, ಬೇಡ ಕಣೇ," ಎಂದ. ಅದು ಕಿವಿಯನ್ನೂ ತಿರುಗಿಸಲಿಲ್ಲ. ಮುಂದಿನದು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು. ಪಾಪ, ಹಸಿವು, ಅದಕ್ಕೇನು ಗೊತ್ತು ಎಂದು ಸಂಜೀವಪ್ಪ ತನಗೆ ತಾನೇ ಹೇಳಿಕೊಂಡ. ತಾನು ಕರೆದರೂ ಕೇಳಲಿಲ್ಲ ಎಂಬುದನ್ನು ಮಾತ್ರ ಹೆಂಡತಿಗೂ ಹೇಳಲಿಲ್ಲ.

ಅಕ್ಕಯ್ಯಮ್ಮ ಹುಂಜದ ರೆಕ್ಕೆಪುಕ್ಕವನ್ನು ಮೊರದಲ್ಲಿ ಹೊತ್ತು ಬೀದಿಯ ಯಜಮಾನ ವೆಂಕಟರಾಯಪ್ಪನ ಜಗಲಿಯ ಮೇಲೆ ಸುರಿದಳು. ವೆಂಕಟರಾಯಪ್ಪ ನ್ಯಾಯಸ್ಥ, ಆದರೆ ನಿಧಾನಸ್ಥ. ಜುಟ್ಟು ಸವರಿಕೊಂಡು ಯೋಚಿಸಿ, ಇದು ಇಡೀ ಬೀದಿ ಕೂತು ತೀರ್ಮಾನಿಸಬೇಕಾದ ವಿಷಯ, ಎಲ್ಲರಿಗೂ ಬಿಡುವಿರುವ ದಿನ ಸೇರೋಣ ಎಂದ. ಎಲ್ಲರಿಗೂ ಬಿಡುವಿರುವ ದಿನ ಯಾವುದು? ಯಾರಾದರೂ ಯೋಚಿಸಬೇಕೇ! ಶ್ರಾವಣದ ಕೊನೆಯ ಬೆನಕನ ಅಮಾವಾಸ್ಯೆ ಎಂದು ಗೊತ್ತುಮಾಡಿದರು. ಸಂಜೀವಪ್ಪನೂ ಸರಿ ಎಂದ. ನಾರಾಯಣಮ್ಮನೂ ಸರಿ ಎಂದಳು. ಅಷ್ಟು ಜನ ನೇಯ್ಗೆಯವರಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಪಂಚಾಯ್ತಿ ಎಂದರೆ ಅಮಾವಾಸ್ಯೆಯೇ ಆಗಿದ್ದವರಿಗೆ ಹೇಗೆ ತಾನೇ ಹೊಳೆದೀತು?

ಅಂದು ಭಜನೆ ಮನೆ ತುಂಬಿಹೋಗಿತ್ತು. ಅಕ್ಕಯ್ಯಮ್ಮನ ಮನೆಗೆ ಅಂಟಿಕೊಂಡೇ ಇರುವ ಕಂಬಗಳ ಜಾಗ ಅದು, ಮೂರು ಕಡೆ ಗೋಡೆ, ಬೀದಿಗೆ ತೆರೆದ ಮುಂಭಾಗ. ಗಂಡಸರು ಒಳಗೆ, ಹೆಂಗಸರು ಮೆಟ್ಟಿಲ ಮೇಲೆ, ಮೆಟ್ಟಿಲ ತುದಿಯಲ್ಲಿ ನಾರಾಯಣಮ್ಮ. ಸಭೆಯಿದ್ದುದರಿಂದ ಅಂದು ಸರಿಗೆಗೆ ಹೊಲದ ಸವಾರಿ ಇರಲಿಲ್ಲ, ಮನೆಯಲ್ಲಿ ಗುಂಡಿಯೊಳಗಿತ್ತು. ಮೇಲೊಂದು ಹಲಗೆ ಮುಚ್ಚಿ ಬಂದಿದ್ದರು.

ಮೊದಲು ಎದ್ದವನು ಪಿಳ್ಳಪ್ಪ. ಕಾಳಗದ ಟಗರು ಸಾಕುವವನು, ಅಂದೂ ಅದನ್ನು ಕರೆತಂದು ಕಂಬಕ್ಕೆ ಕಟ್ಟಿದ್ದ.

"ಮನುಷ್ಯರು ಇರೋ ಬೀದೀಲಿ ಮನುಷ್ಯರನ್ನ ತಿನ್ನೋದನ್ನ ಸಾಕ್ತಾರೇನ್ರಯ್ಯಾ? ಇವತ್ತು ಹುಂಜ, ನಾಳೆ ಯಾರು?"

"ನಿನ್ನ ಟಗರು ಈ ವರ್ಷ ಎಷ್ಟು ಜನರ ಸೊಂಟ ಮುರಿದಿದೆ, ಹೇಳ್ಲಾ?" ಎಂದು ಸಂಜೀವಪ್ಪ ಕೂತಲ್ಲಿಂದಲೇ ಕೂಗಿದ. "ನಮ್ಮ ಸರಿಗೆ ಯಾರನ್ನಾದ್ರೂ ಮುಟ್ಟಿದೆಯಾ?"

ಜನ ಹೋ ಎಂದರು. ಸೊಂಟ ಹಿಡಿದುಕೊಂಡೇ ಬಂದಿದ್ದ ಇಬ್ಬರು ಎಲ್ಲರಿಗಿಂತ ಜೋರಾಗಿ ಹೋ ಎಂದರು.

"ಟಗರು ತಿನ್ನಲ್ಲ, ಗುದ್ದುತ್ತೆ ಅಷ್ಟೇ," ಎಂದ ಪಿಳ್ಳಪ್ಪ.

"ಅದೇನು ದೊಡ್ಡ ಉಪಕಾರನಾ?"

ಬೈಲಪ್ಪ ಸಾಹುಕಾರ ಕೆಮ್ಮಿ, ಅಂಗವಸ್ತ್ರ ಸರಿಮಾಡಿಕೊಂಡು ಎದ್ದ. "ನೋಡಿ ಯಜಮಾನ್ರೇ, ದೊಡ್ಡ ಮನುಷ್ಯರು ಬಂಗಲೇಲಿ ಹುಲಿ ಕಟ್ಕೊಂಡ್ರೆ ಅದು ಶೋಕಿ ಅಂತಾರೆ, ಹೋಗಿ ನೋಡ್ಕೊಂಡು ಬರ್ತೀರಿ. ಒಬ್ಬ ನೇಯೋನು ಕಟ್ಕೊಂಡ್ರೆ ಅಪಾಯನಾ? ಅವನ ಮನೆ, ಅವನ ಗುಂಡಿ, ಅವನ ಪ್ರಾಣಿ. ಇವತ್ತು ಇದು ಬೇಡ ಅಂತೀರಿ, ನಾಳೆ ನಾಯಿ ಬೇಡ ಅಂತೀರಿ, ನಾಳಿದ್ದು ಎತ್ತಿಗೆ ಕೊಂಬಿರಬಾರ್ದು ಅಂತೀರಿ!"

ಈ ಮಾತು ಬಹಳ ಜನಕ್ಕೆ ತಾಗಿತು. ಎತ್ತಿದ್ದವರೆಲ್ಲ ತಲೆಯಾಡಿಸಿದರು. ಸಾಹುಕಾರನ ಕಾಳಜಿ ಎತ್ತಿನ ಕೊಂಬಿನ ಮೇಲಲ್ಲ, ದೀಪಾವಳಿಯ ಸೀರೆಗಳ ಮೇಲೆ ಎಂಬುದು ಎಲ್ಲರಿಗೂ ತಿಳಿದಿದ್ದರೂ ತಲೆಯಾಡಿಸಿದರು. ಸರಪಳಿ ಹಾಕಲಿ ಎಂದನೊಬ್ಬ. ಬೋನು ಮಾಡಿಸಲಿ ಎಂದನೊಬ್ಬ. ಉಗುರು ಕತ್ತರಿಸಿದರೆ ಹೇಗೆ ಎಂದನೊಬ್ಬ, ನೀನೇ ಹೋಗಿ ಕತ್ತರಿಸು ಎಂದಾಗ ಕೂತ.

ಆಗ ಅಕ್ಕಯ್ಯಮ್ಮ ಮೆಟ್ಟಿಲಿನಿಂದಲೇ ಬಾಯಿ ಬಿಟ್ಟಳು. "ಅದು ಕೆಟ್ಟದ್ದು ಅಂತ ನಾನು ಹೇಳಲ್ಲ ಕಣ್ರಪ್ಪಾ. ಒಳ್ಳೇದೇ ಇರ್ಬಹುದು. ನಾನೂ ಒಳ್ಳೇವಳೇ. ಆದ್ರೆ ಹೊಟ್ಟೆ ಹಸಿದಾಗ ನಾನು ಒಳ್ಳೇವಳಲ್ಲ. ನಾನು ಬೈತೀನಿ, ಅದು ತಿನ್ನುತ್ತೆ. ಅಷ್ಟೇ."

ಜನ ನಕ್ಕರು, ಆದರೆ ಯಜಮಾನ ನಗಲಿಲ್ಲ. ಸಂಜೀವಪ್ಪನ ಕಡೆ ತಿರುಗಿ, "ಏನಯ್ಯಾ ಹೇಳ್ತೀಯ?" ಎಂದ.

ಬೀದಿಯ ಯಜಮಾನ, ತುಂಬಿದ ಸಭೆಯಲ್ಲಿ, ಸಂಜೀವಪ್ಪನ ಅಭಿಪ್ರಾಯ ಕೇಳಿದ! ಸಂಜೀವಪ್ಪ ಎದ್ದು ನಿಂತ. ಬಾಯಿ ಸರಾಗವಾಗಿ ಓಡಿತು.

"ಯಜಮಾನ್ರೇ, ಹುಂಜದ್ದು ತಪ್ಪಾಯ್ತು. ಶ್ರಾವಣ ಮಾಡಿಸಿದ್ದು ನಮ್ಮ ಬುದ್ಧಿಗೇಡಿತನ. ಬೇರೆ ಹುಂಜ ಕೊಡ್ತೀನಿ. ಆದ್ರೆ ಒಂದು ಮಾತು. ಮಗಳಿಲ್ಲದ ಮನೆಗೆ ಮಗಳು ಬಂದಂಗೆ ಬಂದಿದ್ದಾಳೆ ಅವಳು. ಸಂಕ್ರಾಂತಿಯಿಂದ ಇಲ್ಲೇ ಇದ್ದಾಳೆ. ಈ ಬೀದೀಲಿ ಹಗಲು ಹೊತ್ತು ಅವಳು ಎದ್ದಿದ್ದನ್ನ ಯಾರಾದ್ರೂ ಕಂಡಿದ್ದೀರಾ? ಒಬ್ರು, ಒಬ್ರೇ ಒಬ್ರು ಹೇಳಿ, ಇವತ್ತೇ ಬಿಟ್ಟುಬರ್ತೀನಿ."

ಒಬ್ಬರೂ ಇರಲಿಲ್ಲ. ಅತ್ತ ಇತ್ತ ಮುಖ ನೋಡಿಕೊಂಡರು. ನಿಜ, ಯಾರೂ ಕಂಡಿರಲಿಲ್ಲ. ವೆಂಕಟರಾಯಪ್ಪ ನಿಧಾನವಾಗಿ ಎದ್ದು, ತೀರ್ಪು ಹೇಳಲು ಕೈಯೆತ್ತಿ, ಸದ್ದು ಮಾಡಬೇಡಿ ಎಂದ. ಸಭೆ ನಿಶ್ಶಬ್ದವಾಯಿತು. ಇಡೀ ಬೀದಿ ನಿಶ್ಶಬ್ದವಾಯಿತು. ಎಷ್ಟು ನಿಶ್ಶಬ್ದವೆಂದರೆ ಕೆರೆಯ ಕಡೆಯ ಅಗಸರ ಕಲ್ಲಿನ ಸದ್ದು ಕೇಳಿಸಿತು.

"ಏನೋ ಒಂದು ಕಡಿಮೆ ಆದಂಗಿದೆ," ಎಂದಳು ಅಕ್ಕಯ್ಯಮ್ಮ, ಕಿವಿಗೆ ಬೆರಳು ಹಾಕಿ ಆಡಿಸುತ್ತ.

"ಏನು ಕಡಿಮೆ ದೊಡ್ಡಮ್ಮ?" ಎಂದ ಸಂಜೀವಪ್ಪ.

"ಮಗ್ಗದ ಸದ್ದು ಇಲ್ವಲ್ಲೋ."

"ಅಮಾವಾಸ್ಯೆ ಅಲ್ವಾ ದೊಡ್ಡಮ್ಮ, ಎಲ್ಲಿಂದ..."

ಮಾತು ಅಲ್ಲಿಗೇ ನಿಂತಿತು. ಸಭೆಯ ಪ್ರತಿಯೊಂದು ತಲೆಯೂ ಮೆಲ್ಲಗೆ, ಬಹಳ ಮೆಲ್ಲಗೆ ಬೀದಿಯ ಕಡೆಗೆ ತಿರುಗಿತು. ಬೀದಿಯ ನಡುವೆ, ಬಿಸಿಲಿನಲ್ಲಿ, ಮೈಮುರಿದು ಆಕಳಿಸುತ್ತ ಸರಿಗೆ ನಿಂತಿತ್ತು.

ಆಮೇಲೆ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಎತ್ತಿನ ಕೊಂಬಿನ ಪರವಾಗಿ ವಾದಿಸಿದ ಬೈಲಪ್ಪ ಸಾಹುಕಾರ ಭಜನೆ ಮನೆಯ ಕಂಬ ಹತ್ತಿ, ತೊಲೆಯನ್ನು ತಬ್ಬಿಕೊಂಡಿದ್ದನಂತೂ ನಿಜ. ಹೊಟ್ಟೆ ಹೊತ್ತ ಆ ಮನುಷ್ಯ ಹೇಗೆ ಹತ್ತಿದನೆಂಬುದು ಇಂದಿಗೂ ತಿಳಿಯದು. ದೊಡ್ಡ ಮೃದಂಗದ ಹಿಂದೆ ನಾಲ್ವರು ಅಡಗಿದರು. ಸೊಂಟ ಮುರಿದವರಿಬ್ಬರು ಎಲ್ಲರಿಗಿಂತ ಮುಂದೆ ಓಡಿದರು. ಪಿಳ್ಳಪ್ಪನ ಟಗರು, ಊರೂರಿನ ಕಾಳಗ ಗೆದ್ದ ಟಗರು, ಒಂದೇ ಏಟಿಗೆ ಹಗ್ಗ ಕಿತ್ತು, ಎದುರಿಗೆ ಸಿಕ್ಕಿದ ಯಜಮಾನ ವೆಂಕಟರಾಯಪ್ಪನನ್ನು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೆಡವಿ, ಊರಾಚೆ ಕಾಣೆಯಾಯಿತು. ಅಂದು ಯಾರಿಗಾದರೂ ಪೆಟ್ಟಾಗಿದ್ದರೆ ಅದು ಯಜಮಾನನಿಗೆ, ಅದೂ ಟಗರಿನಿಂದ.

ಮೆಟ್ಟಿಲ ಮೇಲೆ ಉಳಿದವಳು ನಾರಾಯಣಮ್ಮ ಒಬ್ಬಳೇ. ಸೆರಗು ಯಾರದೋ ಕಾಲಿಗೆ ಸಿಕ್ಕಿ ಬಿದ್ದುಬಿಟ್ಟಿದ್ದಳು. ಎದ್ದು ಕೂತು, "ಬಾರಮ್ಮಾ," ಎಂದು ಕೈ ಚಾಚಿದಳು.

ಸರಿಗೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ಕುಗ್ಗಿತು. ಬಾಲದ ತುದಿ ಅತ್ತ ಇತ್ತ ಆಡಿತು.

ಸಂಜೀವಪ್ಪನಿಗೆ ಆ ನೋಟ ಗೊತ್ತಿತ್ತು. "ಸರಿಗಮ್ಮಾ!" ಎಂದು ಕೂಗಿದ. ಪ್ರೀತಿಯಿಂದ ಕೂಗಿದ, ಗದರಿ ಕೂಗಿದ, ಅಳುತ್ತ ಕೂಗಿದ. ಅದು ಒಂದು ಸಲ ಅವನ ಕಡೆ ನೋಡಿತು. ಗೋಡೆಯನ್ನು ನೋಡುವ ಹಾಗೆ ನೋಡಿ ಮತ್ತೆ ನಾರಾಯಣಮ್ಮನ ಕಡೆ ತಿರುಗಿತು.

"ಮಗ್ಗ! ಯಾರಾದ್ರೂ ಮಗ್ಗ ಹಾಕ್ರೋ!" ಎಂದು ಸಂಜೀವಪ್ಪ ಅರಚುತ್ತ ಹೆಂಡತಿಗೂ ಚಿರತೆಗೂ ನಡುವೆ ಹೋಗಿ ನಿಂತ. ಜೀವಮಾನದಲ್ಲಿ ಯಾರಿಗೂ ಅವನು ಹೀಗೆ ಅಡ್ಡ ನಿಂತಿರಲಿಲ್ಲ.

"ಅಮಾವಾಸ್ಯೆ ಕಣಯ್ಯಾ!" ಎಂದಿತು ತೊಲೆಯ ಮೇಲಿನಿಂದ ಒಂದು ದನಿ.

ಅಷ್ಟರಲ್ಲಿ ಕೇಳಿಸಿತು. ಟಕ್. ಟಕಾ. ಒಣಗಿದ ಮರದ ಕಿರುಗುಟ್ಟುವಿಕೆಯ ಜೊತೆ, ತಡವರಿಸಿಕೊಂಡು, ಟಕ್ ಟಕಾ. ಅಕ್ಕಯ್ಯಮ್ಮ ಎಲ್ಲರ ಹಾಗೆ ಓಡಿದ್ದಳು, ಆದರೆ ತನ್ನ ಮನೆಯೊಳಕ್ಕೆ. ಗಂಡ ಕೂರುತ್ತಿದ್ದ ಜಾಗದಲ್ಲಿ ಕೂತು, ನೂಲೇ ಇಲ್ಲದ ಬರಿಯ ಮಗ್ಗದ ಹಲಗೆಯನ್ನು ಎಳೆದು ಎಳೆದು ಬಡಿಯುತ್ತಿದ್ದಳು, ಅಮಾವಾಸ್ಯೆಯ ದಿನ, ದೇವರಿಗೆ ತಪ್ಪಾಯಿತು ತಪ್ಪಾಯಿತು ಎನ್ನುತ್ತ.

ಸರಿಗೆಯ ಕಿವಿ ತಿರುಗಿತು. ಬಾಲ ನಿಂತಿತು. ಕಣ್ಣು ಅರ್ಧ ಮುಚ್ಚಿತು. ಎದ್ದು, ಸಂಜೀವಪ್ಪನ ಮೊಣಕಾಲಿಗೆ ಮೈ ಸವರಿಕೊಂಡು ದಾಟಿ, ಅಕ್ಕಯ್ಯಮ್ಮನ ಹೊಸಿಲು ತುಳಿದು ಒಳಗೆ ಹೋಯಿತು. ಹೋಗಿ ಅವಳ ಮಗ್ಗದ ಗುಂಡಿಗೆ ಇಳಿದು, ಅವಳ ಪಾದದ ಮೇಲೆ ಗದ್ದ ಇಟ್ಟು ಮಲಗಿಬಿಟ್ಟಿತು.

"ಲೇ ಸಂಜೀವಾ!" ಟಕ್ ಟಕಾ. "ನಿನ್ನ ಮನೆ ಹಾಳಾಗ!" ಟಕ್ ಟಕಾ. "ಬಾರೋ ಮುಂಡೇದೇ!" ಟಕ್ ಟಕಾ. "ನನ್ನ ಕೈ ಬಿದ್ದೋಗ್ತಿದೆ ಕಣೋ!"

ಬೈಗುಳ ಮಗ್ಗದ ತಾಳ ತಪ್ಪದೆ ಬರುತ್ತಿತ್ತು. ಬೀದಿಯವರು ಕಿಟಕಿ, ಸೂರು, ಮರಗಳಿಂದ ಇಳಿದು ಬಂದು ಬಾಗಿಲ ಹೊರಗೆ ನಿಂತು, ಭಯಕ್ಕೋ ಬಿಡುಗಡೆಗೋ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೀವಪ್ಪ ಒಳಗೆ ಹೋಗಿ, ಒಂದು ಏಟೂ ತಪ್ಪದಂತೆ ಹಲಗೆ ಹಿಡಿದು, ಅವಳನ್ನು ಮೆಲ್ಲಗೆ ಎಬ್ಬಿಸಿ ತಾನು ಕೂತ. ಸಂಜೆಯವರೆಗೂ ಬಡಿದ. ಅಲ್ಲಿಯೇ, ಬಡಿಯುತ್ತಲೇ, ಬಾಗಿಲಲ್ಲಿ ಸೊಂಟ ಉಜ್ಜಿಕೊಳ್ಳುತ್ತ ನಿಂತ ಯಜಮಾನನಿಗೆ ಹೇಳಿದ.

"ತೀರ್ಪು ಬೇಡ ಯಜಮಾನ್ರೇ. ನಾನೇ ಬಿಟ್ಟುಬರ್ತೀನಿ."

"ಏನೂ ಮಾಡ್ಲಿಲ್ವಲ್ಲಯ್ಯಾ ಅದು," ಎಂದ ಯಜಮಾನ, ಟಗರಿನ ಗುದ್ದಿನ ನೋವಿನಲ್ಲೂ ನ್ಯಾಯ ಬಿಡದೆ.

"ಮಾಡ್ಲಿಲ್ಲ. ಆದ್ರೆ ನನ್ನ ಮಾತು ಕೇಳುತ್ತೆ ಅಂತ ಊರಿಗೆಲ್ಲಾ ಹೇಳಿದ್ನಲ್ಲ, ಅದು ಸುಳ್ಳು. ಅವಳಿಗೆ ನಿದ್ದೆ ಬೇಕು ಅಂದಾಗ ನಾನು ನೇಯ್ತಿದ್ದೆ. ಅವಳು ಏಳು ಅಂದಾಗ ಏಳ್ತಿದ್ದೆ. ಇಬ್ರಲ್ಲಿ ಸಾಕಿದ ಪ್ರಾಣಿ ಯಾವ್ದು ಅಂತ ಇವತ್ತು ಗೊತ್ತಾಯ್ತು."

ನಾರಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವನೂ ಅತ್ತ, ಆದರೆ ಕೈ ನಿಲ್ಲಿಸಲಿಲ್ಲ.

ಬೈಲಪ್ಪ ಸಾಹುಕಾರನೇ ಮೈಸೂರಿಗೆ ಹೋಗಿ ಮೃಗಾಲಯದವರನ್ನು ಒಪ್ಪಿಸಿ ಬಂದ. ಅವನ ಸೀರೆಗಳ ಆಸೆ ತೊಲೆಯ ಮೇಲೆಯೇ ಉಳಿದಿತ್ತು. ಮರದ ಪೆಟ್ಟಿಗೆ ಮಾಡಿಸಿ ಸರಿಗೆಯನ್ನು ರೈಲು ಹತ್ತಿಸಿದರು. ದಾರಿಯುದ್ದಕ್ಕೂ ಹೇಗಪ್ಪಾ ಎಂದು ಎಲ್ಲರಿಗೂ ದಿಗಿಲು. ರೈಲು ಹೊರಟಿತು, ಟಕ್ ಟಕಾ, ಟಕ್ ಟಕಾ, ಸರಿಗೆ ಮೈಸೂರಿನವರೆಗೆ ಒಂದೇ ನಿದ್ದೆ. ಜೊತೆಗೆ ಹೋದ ಸಂಜೀವಪ್ಪನಿಗೆ ಮಾತ್ರ ಕಣ್ಣು ಮುಚ್ಚಲಾಗಲಿಲ್ಲ. ಮೃಗಾಲಯದ ಮನುಷ್ಯ ಏನು ತಿನ್ನುತ್ತದೆ ಎಂದು ಕೇಳಿದ.

"ಬಾಡು ಸ್ವಾಮಿ. ಶ್ರಾವಣ ಮಾಡಲ್ಲ," ಎಂದ ಸಂಜೀವಪ್ಪ. ಆಮೇಲೆ ನಾಚಿಕೊಂಡು, ಮಗ್ಗದ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎಂದೂ ಹೇಳಿದ. ಆ ಮನುಷ್ಯ ನಗಲಿಲ್ಲ. ಒಗ್ಗಿಕೊಳ್ಳುತ್ತೆ ಬಿಡಪ್ಪಾ, ಎಲ್ಲವೂ ಒಗ್ಗಿಕೊಳ್ಳುತ್ತವೆ ಎಂದು ಅವನ ಬೆನ್ನು ತಟ್ಟಿದ.

ಬೀದಿಯಲ್ಲಿ ಹೊಸ ಕಟ್ಟಳೆ ಆಯಿತು: ಮನುಷ್ಯನನ್ನು ತಿನ್ನಬಲ್ಲದ್ದನ್ನೋ ಗುದ್ದಬಲ್ಲದ್ದನ್ನೋ ಸಾಕಬೇಕಾದವನು ಇಡೀ ಬೀದಿಯ ಒಪ್ಪಿಗೆ ಪಡೆಯಬೇಕು, ಒಪ್ಪಿಗೆಯ ಸಭೆ ಅಮಾವಾಸ್ಯೆಯ ದಿನ ಸೇರಬಾರದು. ಗುದ್ದಬಲ್ಲದ್ದು ಎಂಬುದನ್ನು ಸೇರಿಸಿದವನು ಯಜಮಾನ. ಪಿಳ್ಳಪ್ಪನ ಟಗರು ಆವತಿಯ ಕಡೆ ಸಿಕ್ಕಿತಂತೆ, ಬಹಳ ಮೆತ್ತಗಾಗಿತ್ತಂತೆ.

ಮೈಸೂರಿನಿಂದ ಬಂದ ಮರುದಿನ ಸಂಜೀವಪ್ಪ ಮಗ್ಗದ ಮುಂದೆ ಕೂತ. ಇನ್ನು ಇವನು ಹಳೆಯ ಸಂಜೀವಪ್ಪನೇ ಎಂದು ಬೀದಿ ಕಿವಿಗೊಟ್ಟು ಕಾಯುತ್ತಿತ್ತು. ನಾಲ್ಕು ಸಲ ಲಾಳಿ ಎಸೆದ. ಕಾಲು ತಾನಾಗಿಯೇ ಗುಂಡಿಯ ಮೂಲೆಗೆ ಚಾಚಿತು. ಬೆಚ್ಚಗಿನ ಗದ್ದ ಇರಲಿಲ್ಲ, ತಣ್ಣಗಿನ ಮಣ್ಣಿತ್ತು. ಅವನ ಕೈ ನಿಂತಿತು. ನಶ್ಯದ ಡಬ್ಬಿ ಎಲ್ಲಿದೆ ಎಂದು ಗೂಡಿನ ಕಡೆ ನೋಡಿದ. ಇನ್ನು ಯಾರಿಗಾಗಿ ಬಡಿಯುವುದು ಎನ್ನಿಸಿತು. ಗೋಡೆಗೆ ಒರಗಿದ.

ಗೋಡೆಯ ಆಚೆಯಿಂದ ಧಡ್ ಧಡ್ ಎಂದು ಮುಷ್ಟಿಯಿಂದ ಗುದ್ದಿದ ಸದ್ದು ಬಂತು.

"ಲೇ ಸಂಜೀವಾ! ಯಾಕೋ ನಿಲ್ಲಿಸ್ದೆ?"

"ಯಾಕೆ ದೊಡ್ಡಮ್ಮ, ಅದು ಹೋಯ್ತಲ್ಲ. ಇನ್ನೇನು ಭಯ?"

ಅಕ್ಕಯ್ಯಮ್ಮನ ದನಿ ಬಂತು, ಯಾವತ್ತೂ ಇಲ್ಲದಷ್ಟು ಸಣ್ಣಗೆ.

"ಭಯ ಅಲ್ವೋ. ಅವ್ರು ಹೋದ್ಮೇಲೆ ಈ ಮನೇಲಿ ಮಗ್ಗ ನಿಂತೋಯ್ತು, ನನ್ನ ನಿದ್ದೆನೂ ನಿಂತೋಯ್ತು. ನಿನ್ನ ಆ ಹಾಳು ಚಿರತೆ ಬಂದ್ಮೇಲೆ ತಾನೇ ನಾನು ಕಣ್ಣು ಮುಚ್ಚಿದ್ದು." ಮತ್ತೆ ದನಿ ಏರಿತು. "ಈಗ ತಾನೇ ಜೊಂಪು ಹತ್ತಿತ್ತು. ಬಡಿಯೋ ಸುಮ್ನೆ!"

ಸಂಜೀವಪ್ಪ ಗೋಡೆಯಿಂದ ಬೆನ್ನು ತೆಗೆದ. ಕಣ್ಣು ಒರೆಸಿಕೊಂಡು, ಹಲಗೆ ಎಳೆದ. ಟಕ್ ಟಕಾ, ಟಕ್ ಟಕಾ. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಗೊರಕೆ ಕೇಳಿಸಿತು. ಅವನು ಸಂಜೆ ದೀಪ ಹಚ್ಚುವವರೆಗೂ ಏಳಲಿಲ್ಲ.